ಹಿಮದ ಮೇಲೆ ಎಲ್ಲವೂ ಎದ್ದು ಕಾಣುತ್ತದೆ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎಂಬ ಮಾತನ್ನು ನಮ್ಮ ಹಿರಿಯರು ಮಿನ್ನೆಸೋಟದಲ್ಲಿ ಕೂತು ಹೇಳಿದ್ದಲ್ಲ. ಇಲ್ಲಿ ಶಿವರಾತ್ರಿಯ ಪೂಜೆ ಮುಗಿಸಿ ದೇವಸ್ಥಾನದಿಂದ ಹೊರಗೆ ಬಂದರೆ ಕಾರಿನ ಗಾಜಿನ ಮೇಲೆ ಐಸು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಶಿವನಾಮ ನಾವೇ ಜಪಿಸುತ್ತಿರುತ್ತೇವೆ. ಯುಗಾದಿಯ ದಿನ ಬೇವು ಬೆಲ್ಲ ಹಂಚುವಾಗಲೂ ಕಿಟಕಿಯಾಚೆ ಒಂದು ಮರದಲ್ಲಿ ಚಿಗುರಿನ ಸುಳಿವಿರುವುದಿಲ್ಲ. ಇನ್ನು ಈ ದೇಶದವರ ಪಂಚಾಂಗವೋ, ನಮ್ಮದಕ್ಕಿಂತ ಸರಳ. ಪ್ರತಿ ವರ್ಷ ಫೆಬ್ರವರಿ 2ರಂದು ಪೆನ್ಸಿಲ್ವೇನಿಯಾದ ಪಂಕ್ಸಟಾನಿ ಎಂಬ ಊರಿನಲ್ಲಿ ಒಂದು ಗ್ರೌಂಡ್‌ಹಾಗ್ ಹೊರಗೆ ಬರುತ್ತದೆ. ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿ, ಕಾಣದಿದ್ದರೆ ವಸಂತ ಬೇಗ. ಅದು ಏನನ್ನು ಕಂಡರೂ ನಮ್ಮ ಪಾಲಿನ ಆರು ವಾರಕ್ಕೆ ಮೋಸವಿಲ್ಲ ಬಿಡಿ!

ಹೀಗೆ ಕಾಯುವ ತಿಂಗಳುಗಳಲ್ಲಿ ನಮ್ಮ ಬಳಗದ ಹಲವರಿಗೆ ಒಂದು ಹುಚ್ಚು ಅಂಟಿಕೊಂಡಿದೆ. ಅಡಿಗೆಮನೆಯ ಕಿಟಕಿಯ ಬಳಿ ಕಾಫಿ ಲೋಟದ ಪಕ್ಕದಲ್ಲೇ ಕ್ಯಾಮೆರಾ ಇಟ್ಟುಕೊಂಡು, ಹಿತ್ತಲಿನ ಕಾಳಿನ ಡಬ್ಬಕ್ಕೆ ಬರುವ ಕೆಂಪು ಕಾರ್ಡಿನಲ್, ಕಪ್ಪು ಟೋಪಿಯ ಚಿಕಡೀ, ಬೂದು ಬಣ್ಣದ ಜಂಕೋಗಳನ್ನು ಹಿಡಿಯುವುದು. ಬೇಸಿಗೆಯಲ್ಲಿ ಎಲೆಗಳ ನಡುವೆ ಹತ್ತು ಸಲ ತಪ್ಪಿಸಿಕೊಳ್ಳುವ ಹಕ್ಕಿ ಈಗ ಬೋಳು ಕೊಂಬೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಕೆಳಗಿನ ಹಿಮ ಬೆಳಕನ್ನು ಮೇಲಕ್ಕೆ ಎರಚಿ ಅದರ ಹೊಟ್ಟೆಯ ಗರಿಗಳನ್ನೂ ತೋರಿಸುತ್ತದೆ. ಕೊಕ್ಕರೆ ತೀರ ಕಾಯುವ ಹಾಗೆ ನಾವು ಕಾಯಬೇಕಾಗಿಲ್ಲ. ತಿನ್ನುವುದಕ್ಕೆ ಇರುವ ಜಾಗ ನಾಲ್ಕೇ ಆದ್ದರಿಂದ ಪ್ರಾಣಿ ಪಕ್ಷಿಗಳೇ ಅಲ್ಲಿಗೆ ಬರುತ್ತವೆ. ಹಿಮದ ಮೇಲೆ ಎಲ್ಲವೂ ಎದ್ದು ಕಾಣುತ್ತದೆ.

ಆದರೆ ಎದ್ದು ಕಾಣುವುದರಿಂದ ಲಾಭ ಯಾರಿಗೆ? ನೋಡುವವರಿಗೆ ಸರಿ, ಕಾಣಿಸಿಕೊಂಡ ಪ್ರಾಣಿಗೆ? ಈ ಪ್ರಶ್ನೆಗೆ ಈ ದೇಶದಲ್ಲಿ ಒಂದು ಇತಿಹಾಸವೇ ಇದೆ. ಅದರ ಮುಖ್ಯ ಪಾತ್ರಧಾರಿಯೊಬ್ಬ ನಮ್ಮ ಸೇಂಟ್ ಪಾಲ್ ಊರಿನವನೇ ಎಂದು ತಿಳಿದಾಗ ಅವನ ಕತೆಯನ್ನು ನಿಮಗೂ ಹೇಳಬೇಕೆನಿಸಿತು.

ಅವನ ಹೆಸರು ಫ್ರಾಂಕ್ ಜೇ ಹೇನ್ಸ್. 1853ರಲ್ಲಿ ಮಿಶಿಗನ್‌ನಲ್ಲಿ ಹುಟ್ಟಿದವನು. 1876ರಲ್ಲಿ ಮಿನ್ನೆಸೋಟದ ಪಶ್ಚಿಮದ ಅಂಚಿನ ಮೂರ್‌ಹೆಡ್‌ನಲ್ಲಿ ಒಂದು ಸ್ಟುಡಿಯೋ ತೆರೆದ. ಆಗ ನಾರ್ದರ್ನ್ ಪೆಸಿಫಿಕ್ ರೈಲ್ವೆ ಕಂಪನಿ ತನ್ನ ಹಳಿಗಳನ್ನು ಪಶ್ಚಿಮಕ್ಕೆ ಎಳೆಯುತ್ತಿತ್ತು. ಹಳಿ ಹಾಕಿದರೆ ಸಾಲದು, ಜನ ಹತ್ತಬೇಕಲ್ಲ! ಅದಕ್ಕೆ ದಾರಿಯ ಬೆಟ್ಟ, ನದಿ, ಗೋಧಿ ಹೊಲಗಳ ಚಿತ್ರಗಳು ಬೇಕಿದ್ದವು. ಹೇನ್ಸ್ ಆ ಕಂಪನಿಯ ಫೋಟೋಗ್ರಾಫರ್ ಆದ. 1885ರಿಂದ ರೈಲಿನ ಒಂದು ಬೋಗಿಯನ್ನೇ ಸ್ಟುಡಿಯೋ ಮಾಡಿಕೊಂಡು ಊರಿಂದ ಊರಿಗೆ ಹೋಗಿ ಸಂಸಾರಗಳನ್ನು ಕೂರಿಸಿ ಚಿತ್ರ ತೆಗೆಯುತ್ತಿದ್ದ. ನಮ್ಮ ಊರ ಜಾತ್ರೆಗೆ ಪರದೆ, ಕುರ್ಚಿ ಹೊತ್ತು ಬರುತ್ತಿದ್ದ ಫೋಟೋ ಅಂಗಡಿಯವನನ್ನು ನೆನೆಸಿಕೊಳ್ಳಿ, ಅವನಿಗೆ ಒಂದು ರೈಲು ಡಬ್ಬಿ ಕೊಟ್ಟ ಹಾಗೆ.

ಯೆಲ್ಲೋಸ್ಟೋನ್ ಆಗಲೇ ರಾಷ್ಟ್ರೀಯ ಉದ್ಯಾನವಾಗಿತ್ತು. 1872ರ ಮಾರ್ಚ್ 1ರಂದು ಅಧ್ಯಕ್ಷ ಗ್ರಾಂಟ್ ಸಹಿ ಹಾಕಿದ್ದ. ಹೇನ್ಸ್ ಅಲ್ಲಿಗೆ ಮೊದಲು ಹೋದದ್ದು 1881ರಲ್ಲಿ. ಆದರೆ ಚಿತ್ರಗಳೆಲ್ಲ ಬೇಸಿಗೆಯವು. ಅಕ್ಟೋಬರ್ ಕಳೆದ ಮೇಲೆ ಆ ಎತ್ತರದ ಪ್ರಸ್ಥಭೂಮಿ ಹೇಗಿರುತ್ತದೆಂಬುದನ್ನು ಫೋಟೋದಲ್ಲಿ ಯಾರೂ ತೋರಿಸಿರಲಿಲ್ಲ. (ಅಲ್ಲಿನ ಚಳಿಗಾಲವನ್ನು ‘ಮೊದಲು ಕಂಡವರು’ ಎಂದು ಬಿಳಿಯರ ಪುಸ್ತಕಗಳು ಬರೆಯುವುದುಂಟು. ಬೆಟ್ಟದ ಕುರಿಗಳನ್ನು ಬೇಟೆಯಾಡಿಕೊಂಡಿದ್ದ ಶೊಶೋನಿ ಜನರ ತುಕುದಿಕ ಗುಂಪು ತಲೆತಲಾಂತರದಿಂದ ಆ ಸೀಮೆಯಲ್ಲೇ ಬಾಳಿತ್ತು. ಉದ್ಯಾನವಾದ ಹತ್ತು ವರ್ಷದೊಳಗೆ ಅವರನ್ನು ಅಲ್ಲಿಂದ ಹೊರಗೆ ಕಳಿಸಿಯಾಗಿತ್ತು. ಅವರನ್ನು ಕೇಳಿದವರಿಲ್ಲ.)

ಪಂಕ್ಸಟಾನಿಯ ಜನ ತಮ್ಮ ಗ್ರೌಂಡ್‌ಹಾಗ್ ನೋಡಲು ಗುಡ್ಡಕ್ಕೆ ಮೊದಲು ಮೆರವಣಿಗೆ ಹೊರಟದ್ದು 1887ರ ಫೆಬ್ರವರಿ 2ರಂದು. ಅದೇ ಚಳಿಗಾಲದ ಜನವರಿಯಲ್ಲಿ ಹೇನ್ಸ್ ಯೆಲ್ಲೋಸ್ಟೋನಿನ ಒಳಗೆ ಹೊರಟ. ತಂಡದ ನಾಯಕ ಫ್ರೆಡರಿಕ್ ಶ್ವಾಟ್ಕಾ, ಉತ್ತರ ಧ್ರುವದ ಸೀಮೆಗಳಲ್ಲಿ ತಿರುಗಿ ಹೆಸರು ಮಾಡಿದ್ದವನು. ಆದರೆ ಹೊರಟ ಕೆಲವೇ ದಿನಗಳಲ್ಲಿ, ನಾರಿಸ್ ಎಂಬಲ್ಲಿ ಅವನ ಆರೋಗ್ಯ ಕೈಕೊಟ್ಟಿತು. ಹೆಚ್ಚಿನವರು ಹಿಂದಕ್ಕೆ ತಿರುಗಿದರು. ಹೇನ್ಸ್ ಮಾತ್ರ ಇನ್ನು ಮೂವರನ್ನು ಕಟ್ಟಿಕೊಂಡು ಮುಂದೆ ನಡೆದ. ಆಗ ಸ್ಕೀ ಎಂಬ ಹೆಸರು ಇಲ್ಲಿ ಬಳಕೆಗೆ ಬಂದಿರಲಿಲ್ಲ. ಆ ಉದ್ದನೆಯ ಮರದ ಪಟ್ಟಿಗಳನ್ನು ನಾರ್ವೇಜಿಯನ್ ಸ್ನೋಶೂ ಎನ್ನುತ್ತಿದ್ದರು. ಕಾಲಿಗೆ ಅದು, ಬೆನ್ನಿಗೆ ಕ್ಯಾಮೆರಾ ಮತ್ತು ಗಾಜಿನ ಪ್ಲೇಟುಗಳು. ಸೊನ್ನೆಗಿಂತ 50 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಹೋದ ದಿನಗಳೂ ಇದ್ದವೆಂದು ದಾಖಲೆ. ವಾಶ್‌ಬರ್ನ್ ಬೆಟ್ಟದ ಹತ್ತಿರ ಹಿಮದ ಬಿರುಗಾಳಿಗೆ ಸಿಕ್ಕಿ ಮೂರು ದಿನ ಅನ್ನವಿಲ್ಲ, ಸೂರಿಲ್ಲ, ದಾರಿಯಿಲ್ಲ. 29 ದಿನದಲ್ಲಿ ಸುಮಾರು 200 ಮೈಲಿ ಸುತ್ತಿ ನಾಲ್ವರೂ ಜೀವಂತ ಹೊರಗೆ ಬಂದದ್ದೇ ದೊಡ್ಡದು. ಜೊತೆಗೆ 40ಕ್ಕೂ ಹೆಚ್ಚು ಚಿತ್ರಗಳು ಬಂದವು. ಹೆಪ್ಪುಗಟ್ಟಿದ ಜಲಪಾತ, ಹಬೆ ತಗುಲಿ ಬಿಳಿ ಭೂತಗಳಂತೆ ನಿಂತ ಪೈನ್ ಮರಗಳು, ಹಿಮದ ನಡುವೆ ಹೊಗೆಯಾಡುವ ಬಿಸಿನೀರ ಬುಗ್ಗೆಗಳು.

ನಮ್ಮಲ್ಲಿ ಕ್ಯಾಮೆರಾ ಹಿಡಿಯುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹಿಮದ ಚಿತ್ರ ತೆಗೆದಾಗ ಅದು ಬೂದು ಬಣ್ಣಕ್ಕೆ ಬಂತೆಂದು ನಾವು ಗೊಣಗುತ್ತೇವೆ. ಎದುರಿಗಿರುವುದೆಲ್ಲ ಮಧ್ಯಮ ಬೂದು ಎಂದು ಕ್ಯಾಮೆರಾದ ಮೀಟರು ತಿಳಿಯುವುದರಿಂದ ಹಾಗಾಗುತ್ತದೆ, ಒಂದು ಗುಂಡಿ ಒತ್ತಿ ಎಕ್ಸ್‌ಪೋಶರ್ ಏರಿಸಿದರೆ ಸರಿಹೋಗುತ್ತದೆ. ಹೇನ್ಸ್‌ನ ಕಾಲದ ಪ್ಲೇಟುಗಳ ಕಷ್ಟ ಬೇರೆ. ಅವಕ್ಕೆ ನೀಲಿ ಬೆಳಕು ಬಹಳ ಬೇಗ ನಾಟುತ್ತಿತ್ತು. ಹಾಗಾಗಿ ನೀಲಿ ಆಕಾಶವೂ ಬಿಳಿ, ಹಿಮವೂ ಬಿಳಿ, ನಡುವೆ ಗೆರೆಯೇ ಇಲ್ಲ. ಕಪ್ಪಗಿರುವ ಏನಾದರೊಂದು, ಒಂದು ಮರ, ಒಬ್ಬ ಮನುಷ್ಯ, ಒಂದು ಪ್ರಾಣಿ, ಚೌಕಟ್ಟಿನೊಳಗೆ ಬಂದರೆ ಮಾತ್ರ ಅದು ಚಿತ್ರ.

ಆ ಬಿಳುಪಿನಲ್ಲಿ ಅತಿ ಕಪ್ಪಗೆ ಕಾಣುವ ಪ್ರಾಣಿಯೆಂದರೆ ಬೈಸನ್. ನಮ್ಮ ನಾಗರಹೊಳೆ, ಬಂಡೀಪುರದ ಕಾಟಿಯನ್ನೂ ಕೆಲವರು ಬೈಸನ್ ಎನ್ನುತ್ತಾರೆ, ಅದು ಬೇರೆ ಪ್ರಾಣಿ. ಇದಕ್ಕೆ ಭುಜದ ಮೇಲೆ ದೊಡ್ಡ ಡುಬ್ಬ, ಮುಖ ಕುತ್ತಿಗೆಯ ತುಂಬ ಕಂಬಳಿಯಂಥ ಕೂದಲು. ಆ ಡುಬ್ಬದ ಮಾಂಸಖಂಡಗಳ ಬಲದಿಂದ ತಲೆಯನ್ನು ಆಚೀಚೆ ಬೀಸಿ, ನೇಗಿಲು ಹೂಡಿದ ಹಾಗೆ ಹಿಮವನ್ನು ಬಗೆದು ಅಡಿಯ ಒಣಹುಲ್ಲು ಮೇಯುತ್ತದೆ. ಮೈಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಕೂತಿರುತ್ತದೆ. ಒಳಗಿನ ಬಿಸಿ ಹೊರಗೆ ಸೋರಲು ಆ ತುಪ್ಪಳ ಬಿಡುವುದಿಲ್ಲ. ಚಳಿಗೆ ಹೇಳಿ ಮಾಡಿಸಿದ ಜೀವ. ಆದರೆ ಆಳವಾದ ಹಿಮದಲ್ಲಿ ಅದು ಓಡಲಾರದು. ಸ್ಕೀ ಕಟ್ಟಿದ ಮನುಷ್ಯ ಹಿಮದ ಮೇಲೆ ಜಾರುತ್ತಾನೆ, ಬೈಸನ್ ಹೊಟ್ಟೆಯ ತನಕ ಹೂತುಕೊಳ್ಳುತ್ತದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಖಂಡದಲ್ಲಿ ಕೋಟಿಗಟ್ಟಲೆ ಬೈಸನ್‌ಗಳಿದ್ದವು. ಚರ್ಮದ ವ್ಯಾಪಾರ, ರೈಲು, ಮೂಲನಿವಾಸಿಗಳ ಅನ್ನ ಕಿತ್ತುಕೊಳ್ಳಬೇಕೆಂಬ ಹಟ ಎಲ್ಲ ಸೇರಿ 1880ರ ದಶಕದ ಹೊತ್ತಿಗೆ ಬಯಲುಗಳನ್ನು ಖಾಲಿ ಮಾಡಿದವು. 1889ರಲ್ಲಿ ವಿಲಿಯಂ ಹಾರ್ನಡೆ ಎಂಬ ಪ್ರಾಣಿಶಾಸ್ತ್ರಜ್ಞ ಪತ್ರ ಬರೆದು, ವಿಚಾರಿಸಿ, ಲೆಕ್ಕ ಹಾಕಿದಾಗ ಉಳಿದದ್ದು 1,091, ಕೆನಡಾದವು, ಜನ ಸಾಕಿಕೊಂಡವು ಎಲ್ಲವೂ ಸೇರಿ. ಅದರಲ್ಲಿ ಯೆಲ್ಲೋಸ್ಟೋನಿನ ಪಾಲು ಸುಮಾರು 200 ಎಂದು ಅವನ ಅಂದಾಜು.

ಅಪರೂಪವಾದದ್ದಕ್ಕೆ ಬೆಲೆ ಏರುವುದು ಲೋಕರೂಢಿ. ಗೋಡೆಗೆ ತೂಗುಹಾಕುವ ಬೈಸನ್ ತಲೆಯೊಂದಕ್ಕೆ ನೂರಾರು ಡಾಲರ್ ಕೊಡುವವರಿದ್ದರು. ಉದ್ಯಾನವೆಂಬುದು ಹೆಸರಿಗಷ್ಟೇ. 1886ರಿಂದ ಅಮೆರಿಕದ ಸೈನ್ಯವೇ ಅಲ್ಲಿ ಕಾವಲಿಗಿತ್ತು. ಆದರೆ ಕಳ್ಳಬೇಟೆಗಾರನನ್ನು ಹಿಡಿದರೂ ಶಿಕ್ಷೆ ಕೊಡುವ ಕಾನೂನಿರಲಿಲ್ಲ. ಅವನ ಸಾಮಾನು ಕಿತ್ತುಕೊಂಡು ಗಡಿಯಾಚೆ ಬಿಟ್ಟು ಬರುವುದಷ್ಟೇ ಅಧಿಕಾರ. ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಪತ್ರಿಕೆಯ ಸಂಪಾದಕ ಜಾರ್ಜ್ ಬರ್ಡ್ ಗ್ರಿನೆಲ್ ವರ್ಷಗಟ್ಟಲೆ ಬರೆದ, ಬೊಬ್ಬೆ ಹೊಡೆದ. ವಾಷಿಂಗ್ಟನ್ನಿನಲ್ಲಿ ಮಸೂದೆಗಳು ಹುಟ್ಟಿದವು, ಸತ್ತವು.

1894ರ ಚಳಿಗಾಲದಲ್ಲಿ ಗ್ರಿನೆಲ್ ಇನ್ನೊಂದು ಪ್ರಯತ್ನ ಮಾಡಿದ. ಎಮರ್ಸನ್ ಹಫ್ ಎಂಬ ವರದಿಗಾರನನ್ನು ಯೆಲ್ಲೋಸ್ಟೋನಿಗೆ ಕಳಿಸಿದ. ಒಳಗೆ ಎಷ್ಟು ಪ್ರಾಣಿಗಳು ಉಳಿದಿವೆ ಎಂದು ಕಣ್ಣಾರೆ ನೋಡಿ ಬರೆಯುವುದು ಅವನ ಕೆಲಸ. ಅದರ ಚಿತ್ರ ತೆಗೆಯಲು ಜೊತೆಗೆ ಹೋದವನು ನಮ್ಮ ಹೇನ್ಸ್. ಏಳು ವರ್ಷದ ಹಿಂದೆ ಅದೇ ಹಿಮದಲ್ಲಿ ಸಾವಿನ ಬಾಗಿಲು ತಟ್ಟಿ ಬಂದಿದ್ದವನು ಮತ್ತೆ ಹೊರಟ ನೋಡಿ! ಚಳಿಗಾಲವನ್ನೇ ಏಕೆ ಆರಿಸಿದರು? ಬೇಸಿಗೆಯಲ್ಲಿ ಕಾಡು ಹೊಕ್ಕ ಬೈಸನ್‌ಗಳನ್ನು ಎಣಿಸಲಾಗದು. ಹಿಮ ಬಿದ್ದಾಗ ಅವು ಹೇಡನ್ ಕಣಿವೆ, ಪೆಲಿಕನ್ ಕಣಿವೆಗಳಂಥ ಬಯಲಿಗೆ, ಬಿಸಿನೀರ ಬುಗ್ಗೆಗಳ ಬಳಿಗೆ ಸೇರುತ್ತವೆ, ಕಾಣುತ್ತವೆ. ಕಳ್ಳಬೇಟೆಗಾರನಿಗೂ ಈ ಲೆಕ್ಕ ಗೊತ್ತಿತ್ತು.

ಮಾರ್ಚ್ 13ರಂದು ಪೆಲಿಕನ್ ಕಣಿವೆಯಲ್ಲಿ ಸೈನ್ಯದ ಬೇಹುಗಾರ ಫೆಲಿಕ್ಸ್ ಬರ್ಜೆಸ್ ಒಬ್ಬ ಸೈನಿಕನೊಂದಿಗೆ ಸ್ಕೀಯ ಜಾಡು ಹಿಡಿದು ಹೋಗುತ್ತಿದ್ದ. ದಾರಿಯಲ್ಲಿ ಮರಕ್ಕೆ ತೂಗುಹಾಕಿದ್ದ ಆರು ಬೈಸನ್ ತಲೆಗಳು ಸಿಕ್ಕವು. ಮುಂದೆ ಹೋದಾಗ ಗುಂಡಿನ ಸದ್ದು. ಬಯಲಿನಾಚೆ ಎಡ್ಗರ್ ಹೋವೆಲ್ ಎಂಬವನು ಐದು ಬೈಸನ್‌ಗಳನ್ನು ಆಗಷ್ಟೇ ಹೊಡೆದುಹಾಕಿ, ಒಂದರ ಮೇಲೆ ಬಾಗಿ ಚರ್ಮ ಸುಲಿಯುತ್ತಿದ್ದ. ನಡುವೆ ಸುಮಾರು 400 ಗಜ ಬಟ್ಟಬಯಲು, ಅವಿತುಕೊಳ್ಳಲು ಒಂದು ಕಡ್ಡಿಯೂ ಇಲ್ಲ. ಹೋವೆಲ್ ಹತ್ತಿರ ರೈಫಲ್ಲು, ಕಾವಲಿಗೆ ಒಂದು ನಾಯಿ. ಬರ್ಜೆಸ್ ಹತ್ತಿರ ಒಂದು ರಿವಾಲ್ವರ್. ಹಿಮದ ಮೇಲೆ ಎಲ್ಲವೂ ಎದ್ದು ಕಾಣುತ್ತದೆಂದೆವಲ್ಲ, ಆ ಕ್ಷಣ ಎದ್ದು ಕಾಣುತ್ತಿದ್ದವನು ಬರ್ಜೆಸ್. ಹೋವೆಲ್ ಒಮ್ಮೆ ತಲೆಯೆತ್ತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗಾಳಿ ಜೋರಾಗಿ ಬೀಸುತ್ತಿತ್ತು, ಸದ್ದು ಕೇಳಲಿಲ್ಲ, ನಾಯಿ ಬೊಗಳಲಿಲ್ಲ. ತೀರ ಹತ್ತಿರ ಬಂದು ಕೈಯೆತ್ತೆಂದಾಗಲೇ ಅವನಿಗೆ ಗೊತ್ತಾದದ್ದು. ಎಚ್ಚರಿಸಲಿಲ್ಲವೆಂದು ನಾಯಿಯನ್ನೇ ಕೊಲ್ಲಲು ಹೋಗಿದ್ದನಂತೆ ಮಹಾರಾಯ!

ಕೈದಿಯನ್ನು ಕರೆತರುವ ದಾರಿಯಲ್ಲೇ ಹಫ್ ಮತ್ತು ಹೇನ್ಸ್ ಇದಿರಾದರು. ವರದಿಗಾರನ ಅದೃಷ್ಟವೆಂದರೆ ಇದು. ಹಫ್ ಹೋವೆಲ್‌ನ ಜೊತೆ ಕೂತು ಮಾತಾಡಿದ. ಹೋವೆಲ್‌ಗೆ ಅಳುಕೇ ಇಲ್ಲ. ಬೆಳಗಿನ ಉಪಾಹಾರಕ್ಕೆ 24 ಪ್ಯಾನ್‌ಕೇಕ್ ತಿಂದನೆಂದು ಹಫ್ ಎಣಿಸಿ ಬರೆದಿದ್ದಾನೆ. ತನ್ನ ಸಾಮಾನೆಲ್ಲ ಸೇರಿ 26 ಡಾಲರ್ 75 ಸೆಂಟು, ಹೋದರೆ ಅಷ್ಟು ಹೋಗುತ್ತದೆ, ಸಿಕ್ಕಿಬೀಳದಿದ್ದರೆ 2,000 ಡಾಲರ್ ಸಂಪಾದನೆಯಾಗುತ್ತಿತ್ತು ಎಂದು ಅವನೇ ಲೆಕ್ಕ ಹೇಳಿದ. ಗ್ರಿನೆಲ್ ಹತ್ತು ವರ್ಷದಿಂದ ಸಂಪಾದಕೀಯಗಳಲ್ಲಿ ಕಿರುಚಿ ಹೇಳುತ್ತಿದ್ದುದನ್ನು ಈ ಕಳ್ಳ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದ.

ಸುದ್ದಿ ತಂತಿಯ ಮೂಲಕ ನ್ಯೂಯಾರ್ಕಿಗೆ ಹೋಯಿತು. ಪತ್ರಿಕೆ ಅದನ್ನು ಎತ್ತಿಕೊಂಡಿತು, ಓದುಗರೆಲ್ಲ ತಮ್ಮ ಪ್ರತಿನಿಧಿಗಳಿಗೆ ಬರೆಯಿರೆಂದು ಕೇಳಿಕೊಂಡಿತು. ಸತ್ತ ಬೈಸನ್‌ಗಳ ತಲೆಗಳನ್ನು ಸಾಲಾಗಿಟ್ಟು ಅವುಗಳ ಜೊತೆ ಸೈನಿಕರು ನಿಂತ ಒಂದು ಫೋಟೋ ಯೆಲ್ಲೋಸ್ಟೋನಿನ ಇತಿಹಾಸ ಹೇಳುವ ಪುಸ್ತಕಗಳಲ್ಲಿ ಇಂದಿಗೂ ಸಿಗುತ್ತದೆ. ಅದು ಚೆಂದದ ಚಿತ್ರವಲ್ಲ. ಸಂತೆಗೆ ತಂದಿಟ್ಟ ಸರಕಿನಂತೆ ತಲೆಗಳು. ಒಮ್ಮೆ ನೋಡಿದರೆ ಮರೆಯಲಾಗುವುದಿಲ್ಲ.

ಹೋವೆಲ್ ಸಿಕ್ಕಿದ ಹದಿಮೂರನೆಯ ದಿನ, ಮಾರ್ಚ್ 26ರಂದು ಅಯೋವಾದ ಪ್ರತಿನಿಧಿ ಜಾನ್ ಲೇಸಿ ಮಸೂದೆ ಮಂಡಿಸಿದ. (1887ರಲ್ಲಿ ಇದೇ ಉದ್ಯಾನದಲ್ಲಿ ದರೋಡೆಗೆ ಸಿಕ್ಕಿದ ಕುದುರೆಗಾಡಿಯೊಂದರಲ್ಲಿ ಈ ಲೇಸಿಯೂ ಇದ್ದ. ಅಲ್ಲಿ ಕಾನೂನಿಲ್ಲವೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.) ಮೇ 7ಕ್ಕೆ ಅಧ್ಯಕ್ಷ ಕ್ಲೀವ್‌ಲೆಂಡ್‌ನ ಸಹಿ ಬಿತ್ತು. ಯೆಲ್ಲೋಸ್ಟೋನಿನಲ್ಲಿ ಪ್ರಾಣಿ ಹೊಡೆದರೆ 1,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು. ಹಿಮ ಪೂರ್ತಿ ಕರಗುವ ಮೊದಲೇ ಕಾನೂನು ಬಂದಿತ್ತು. ಹೋವೆಲ್ ಆ ಬೇಸಿಗೆಯಲ್ಲಿ ಧೈರ್ಯವಾಗಿ ಉದ್ಯಾನಕ್ಕೆ ಮರಳಿ ಬಂದು ಸಿಕ್ಕಿಬಿದ್ದ. ಹೊಸ ಕಾನೂನಿನಡಿ ಜೈಲು ಕಂಡ ಮೊದಲಿಗನೂ ಅವನೇ ಆದ.

ಕೆಲಸ ಮಾಡಿದ್ದು ಚಿತ್ರವೋ ಬರಹವೋ ಎಂದು ಕೇಳಿದರೆ, ನಮ್ಮ ಅನಿಸಿಕೆಯಲ್ಲಿ ಹಫ್‌ನ ಲೇಖನಿಯ ಪಾಲು ದೊಡ್ಡದು. ಆದರೆ ಫೋಟೋಗ್ರಾಫರ್ ಜೊತೆಗಿದ್ದನೆಂಬುದು ಸಣ್ಣ ಮಾತಲ್ಲ. ಯಾರೂ ನೋಡದ ಋತುವಿನಲ್ಲಿ, ಯಾರೂ ಹೋಗದ ಜಾಗದಲ್ಲಿ ನಡೆಯುವ ಕೊಲೆಗೆ ಸಾಕ್ಷಿ ಇರುವುದಿಲ್ಲ. ಚಳಿಗಾಲವನ್ನು ಹೊರಗಿನವರ ಕಣ್ಣಿಗೆ ತಂದವನು ಹೇನ್ಸ್. ಅವನು ಹೋಗಿರದಿದ್ದರೆ ಅದು ಬೇಟೆಗಾರನೊಬ್ಬನ ಸ್ವಂತ ಋತುವಾಗಿಯೇ ಉಳಿಯುತ್ತಿತ್ತು.

ಕಾನೂನು ಬಂದ ಮೇಲೂ ಬೈಸನ್‌ಗಳ ಕ್ಷಯ ಕೂಡಲೇ ನಿಲ್ಲಲಿಲ್ಲ. 1902ರಲ್ಲಿ ಅಲ್ಲಿನ ಕಾಡು ಹಿಂಡಿನಲ್ಲಿ ಉಳಿದದ್ದು ಸುಮಾರು ಎರಡು ಡಜನ್. ಆ ವರ್ಷ ಮೊಂಟಾನಾ ಮತ್ತು ಟೆಕ್ಸಸ್‌ನ ಸಾಕಿದ ಹಿಂಡುಗಳಿಂದ 21 ಬೈಸನ್ ತಂದು ಬೇಲಿಯೊಳಗೆ ಸಾಕಿದರು. ಎರಡೂ ಕ್ರಮೇಣ ಬೆರೆತವು. ಇತ್ತೀಚಿನ ವರ್ಷಗಳಲ್ಲಿ ಯೆಲ್ಲೋಸ್ಟೋನಿನ ಬೈಸನ್‌ಗಳ ಎಣಿಕೆ ಸಾವಿರಗಳಲ್ಲಿದೆ. 2016ರಲ್ಲಿ ಬೈಸನ್ ಈ ದೇಶದ ರಾಷ್ಟ್ರೀಯ ಸಸ್ತನಿಯಾಯಿತು. ಹೇನ್ಸ್ 1921ರಲ್ಲಿ ಸೇಂಟ್ ಪಾಲ್‌ನಲ್ಲಿ ತೀರಿಕೊಂಡ.

ಕೋವಿಯಿಂದ ಕ್ಯಾಮೆರಾಕ್ಕೆ ಬಂದವರು ಆ ಕಾಲದಲ್ಲಿ ಇನ್ನೂ ಇದ್ದರು. ಸುಪೀರಿಯರ್ ಸರೋವರದ ದಕ್ಷಿಣ ದಡದಲ್ಲಿ ಜಾರ್ಜ್ ಶಿರಾಸ್ ಎಂಬ ವಕೀಲ, ದೋಣಿಯ ಮೂತಿಗೆ ಬೆಂಕಿ ಕಟ್ಟಿ ರಾತ್ರಿ ಜಿಂಕೆ ಹೊಡೆಯುವ ಒಜಿಬ್ವೆ ಜನರ ಉಪಾಯವನ್ನೇ ಹಿಡಿದು, ಕೋವಿಯ ಜಾಗದಲ್ಲಿ ಕ್ಯಾಮೆರಾ ಇಟ್ಟ. 1906ರ ಜುಲೈಯಲ್ಲಿ ‘ನ್ಯಾಷನಲ್ ಜಿಯೋಗ್ರಾಫಿಕ್’ ಅವನ 74 ಚಿತ್ರಗಳನ್ನು ಒಟ್ಟಿಗೆ ಅಚ್ಚು ಹಾಕಿತು. ಗಂಭೀರ ಪತ್ರಿಕೆ ಮಕ್ಕಳ ಚಿತ್ರಪುಸ್ತಕವಾಯಿತೆಂದು ಮುನಿಸಿಕೊಂಡು ಮಂಡಳಿಯ ಇಬ್ಬರು ರಾಜೀನಾಮೆ ಕೊಟ್ಟರು. ನಮ್ಮ ಪೂರ್ಣಚಂದ್ರ ತೇಜಸ್ವಿಯವರೂ ಕೋವಿ ಹಿಡಿದು ಕಾಡು ಸುತ್ತಿ, ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದವರೇ ತಾನೆ?

ಚಳಿಗಾಲಕ್ಕೆ ಮರಳೋಣ. ಕ್ರಿಸ್‌ಮಸ್ ದಿನ ಎರಡು ಪಕ್ಷ ಕಟ್ಟಿಕೊಂಡು ಕಂಡ ಪ್ರಾಣಿ ಪಕ್ಷಿಗಳನ್ನೆಲ್ಲ ಹೊಡೆದು, ಯಾರ ರಾಶಿ ದೊಡ್ಡದೆಂದು ನೋಡುವ ಆಟವೊಂದು ಇಲ್ಲಿ ಇತ್ತು. 1900ರಲ್ಲಿ ಫ್ರಾಂಕ್ ಚ್ಯಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞ ತನ್ನ ‘ಬರ್ಡ್-ಲೋರ್’ ಪತ್ರಿಕೆಯಲ್ಲಿ, ಹೊಡೆಯಬೇಡಿ, ಎಣಿಸಿ ಎಂದ. ಆ ಡಿಸೆಂಬರ್ 25ರಂದು 27 ಜನ 25 ಕಡೆ ನಿಂತು ಎಣಿಸಿದರು. ಆ ಎಣಿಕೆ ಇಂದಿಗೂ ನಿಂತಿಲ್ಲ. ನಮ್ಮ ಬಳಗದ ಎರಡು ಮೂರು ಸಂಸಾರಗಳು ಡಿಸೆಂಬರಿನಲ್ಲಿ ಬೆಳಗಾಗೆದ್ದು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗುವುದು ಇದಕ್ಕೇ. ಅದೇ ಹೊತ್ತಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆ ತಲೆಯ ಬಾತುಗಳು ಇಳಿದಿರುತ್ತವೆ. ಬೇಸಿಗೆ ಬಂದರೆ ಅವು ಹೊರಟುಹೋಗುತ್ತವಾದ್ದರಿಂದ ಅಲ್ಲಿನ ಪಕ್ಷಿಪ್ರಿಯರಿಗೆ ಚಳಿ ಮುಗಿಯುವುದೇ ಬೇಡ!

ಚಳಿ ಮುಗಿಯಬಾರದೆಂದು ಕೋರುತ್ತಿದ್ದವನು ಈ ದೇಶದಲ್ಲೂ ಒಬ್ಬನಿದ್ದ. ಉಳಿದವರಿಗೆಲ್ಲ ಹಿಮವೆಂದರೆ ಹಿನ್ನೆಲೆ, ಅವನಿಗೆ ಹಿಮವೇ ವಿಷಯ. ವರ್ಮಾಂಟ್‌ನ ಜೆರಿಕೊ ಹಳ್ಳಿಯ ರೈತ ವಿಲ್ಸನ್ ಬೆಂಟ್ಲಿ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರ ಜನವರಿ 15ರಂದು ಹಿಮದ ಒಂದು ಹರಳಿನ ಚಿತ್ರ ತೆಗೆದಾಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಹರಳು ಕರಗುತ್ತದೆ, ಉಸಿರು ತಾಗಿದರೂ ಕರಗುತ್ತದೆ. ಹಾಗಾಗಿ ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ ಉಸಿರು ಬಿಗಿಹಿಡಿದು, ಹಕ್ಕಿಯ ಗರಿಯಿಂದ ಹರಳನ್ನು ಗಾಜಿಗೆ ಒತ್ತಿ, ಬೇಗಬೇಗ ಮುಗಿಸಬೇಕು. 46 ಚಳಿಗಾಲಗಳಲ್ಲಿ 5,000ಕ್ಕೂ ಹೆಚ್ಚು ಹರಳುಗಳು. ಹಿನ್ನೆಲೆ ಕಪ್ಪಾಗಲೆಂದು ನೆಗೆಟಿವ್‌ನಲ್ಲಿ ಹರಳಿನ ಸುತ್ತ ಚಾಕುವಿನಿಂದ ಕೆರೆಯುತ್ತಿದ್ದನೆಂದು ಜರ್ಮನಿಯ ವಿಜ್ಞಾನಿಗಳು ಅವನನ್ನು ಆಕ್ಷೇಪಿಸಿದರು. ಬಿಳಿಯ ಮೇಲೆ ಬಿಳಿಯದನ್ನು ತೋರಿಸುವ ಕಷ್ಟ ಬಲ್ಲವರು ಅವನ ಬಗ್ಗೆ ಅಷ್ಟು ಕಠಿಣವಾಗಲಾರರು. ಅವನ ಪುಸ್ತಕ 1931ರಲ್ಲಿ ಬಂತು. ಆ ಡಿಸೆಂಬರಿನಲ್ಲೇ ಹಿಮದ ಬಿರುಗಾಳಿಯಲ್ಲಿ ಮೈಲಿಗಟ್ಟಲೆ ನಡೆದು ಬಂದು ನ್ಯುಮೋನಿಯಾ ಹಿಡಿದು ತೀರಿಕೊಂಡ.

ಮನೆಯ ಹತ್ತಿರದ ಮಾತೊಂದು ಉಳಿದಿದೆ. ಟ್ವಿನ್ ಸಿಟೀಸ್‌ನಿಂದ ಸುಮಾರು ಒಂದು ಗಂಟೆ ಕಾರಿನ ದಾರಿ, ಮಾಂಟಿಸೆಲೊ ಎಂಬ ಊರು. ಜನವರಿಯಲ್ಲಿ ಮಿಸಿಸಿಪ್ಪಿ ನದಿಯೇ ಹೆಪ್ಪುಗಟ್ಟಿರುವಾಗ ಅಲ್ಲಿ ಮಾತ್ರ ನೀರು ಹರಿಯುತ್ತಿರುತ್ತದೆ, ಅದರ ತುಂಬ ಹಂಸಗಳು! ಕಾರಣ ದೇವರ ಮಹಿಮೆಯಲ್ಲ, ಮೇಲಿನ ಅಣು ವಿದ್ಯುತ್ ಸ್ಥಾವರ ಹೊರಬಿಡುವ ಬಿಸಿನೀರು. ಇವು ಟ್ರಂಪೆಟರ್ ಸ್ವಾನ್, ತುತ್ತೂರಿ ಹಂಸ ಎನ್ನೋಣ. ಅವುಗಳ ಕೂಗು ಕೇಳಿದವರಿಗೆ ಹೆಸರಿನ ಅರ್ಥ ವಿವರಿಸಬೇಕಿಲ್ಲ. ಚರ್ಮಕ್ಕೆ, ಪೌಡರ್ ಹಚ್ಚುವ ಗರಿಯುಂಡೆಗೆ, ಬರೆಯುವ ಗರಿಲೇಖನಿಗೆ ಎಂದು ಕೊಂದು ಕೊಂದು 1880ರ ದಶಕದೊಳಗೆ ಮಿನ್ನೆಸೋಟದಲ್ಲಿ ಅವು ಇಲ್ಲವಾಗಿದ್ದವು. ಹಕ್ಕಿಗಳ ಚಿತ್ರ ಬರೆದು ಜಗತ್ಪ್ರಸಿದ್ಧನಾದ ಆಡುಬಾನ್ ಕೂಡ ನವಿರಾದ ಗೆರೆಗೆ ಈ ಹಂಸದ ಗರಿಯೇ ಆಗಬೇಕೆನ್ನುತ್ತಿದ್ದ. 1930ರ ದಶಕದಲ್ಲಿ ಅಮೆರಿಕದ ಕೆಳಗಿನ ರಾಜ್ಯಗಳಲ್ಲಿ ಗೊತ್ತಿದ್ದವು 69 ಮಾತ್ರ. ಎಲ್ಲಿ ಎಂದು ಕೇಳಿ. ಯೆಲ್ಲೋಸ್ಟೋನ್ ಮತ್ತು ಅದರ ಪಕ್ಕದ ರೆಡ್ ರಾಕ್ ಸರೋವರಗಳ ಸುತ್ತ! ಬಿಸಿನೀರ ಬುಗ್ಗೆಗಳು ಚಳಿಗಾಲದಲ್ಲೂ ನೀರನ್ನು ತೆರೆದಿಟ್ಟಿದ್ದರಿಂದ ಅಲ್ಲಿ ಉಳಿದುಕೊಂಡಿದ್ದವು. 1935ರಲ್ಲಿ ರೆಡ್ ರಾಕ್ ರಕ್ಷಿತ ತಾಣವಾಯಿತು. 1966ರಲ್ಲಿ ನಮ್ಮ ಹೆನೆಪಿನ್ ಕೌಂಟಿಯ ಉದ್ಯಾನ ಇಲಾಖೆ ಅಲ್ಲಿಂದ ಹಂಸಗಳನ್ನು ತಂದು ಸಾಕಲು ಶುರುಮಾಡಿತು. 1980ರ ದಶಕದಲ್ಲಿ ರಾಜ್ಯ ಸರ್ಕಾರ ಅಲಾಸ್ಕಾದಿಂದ ಮೊಟ್ಟೆ ತಂದು ಮರಿ ಮಾಡಿಸಿತು. ಅದೇ ದಶಕದಲ್ಲಿ ಮಾಂಟಿಸೆಲೊದ ನದಿದಂಡೆಯ ಮನೆಯ ಮಹಿಳೆಯೊಬ್ಬರು ಬೆರಳೆಣಿಕೆಯ ಹಂಸಗಳಿಗೆ ಜೋಳ ಹಾಕತೊಡಗಿ, ಬಹಳ ವರ್ಷ ಬಿಡದೆ ಹಾಕಿದರು. 2015ರ ಎಣಿಕೆಯಲ್ಲಿ ರಾಜ್ಯದ ಹಂಸಗಳು 17,000 ದಾಟಿದ್ದವು.

ಈಗ ಅಲ್ಲಿ ಹಂಸಗಳನ್ನು ನೋಡುವ ಕಟ್ಟೆಯ ಮೇಲೆ ಕ್ಯಾಮೆರಾಗಳದ್ದೇ ಜಾತ್ರೆ. ಒಳ್ಳೆಯದೇ. ಆದರೆ ಎಲ್ಲ ಕ್ಯಾಮೆರಾವೂ ನಿರುಪದ್ರವಿ ಎನ್ನಲಾಗದು. 2004-05ರ ಚಳಿಗಾಲದಲ್ಲಿ ಕೆನಡಾದ ಕಡೆ ಇಲಿಗಳು ಕಡಿಮೆಯಾಗಿ ಗ್ರೇಟ್ ಗ್ರೇ ಗೂಬೆಗಳು ಮಿನ್ನೆಸೋಟಕ್ಕೆ ಹಿಂಡಾಗಿ ಇಳಿದವು. 5,000ಕ್ಕೂ ಹೆಚ್ಚು ಕಂಡವೆಂದು ದಾಖಲೆಯಿದೆ. ಡುಲೂತ್ ಬಳಿಯ ಸ್ಯಾಕ್ಸ್-ಜಿಮ್ ಜೌಗಿಗೆ ದೂರದೂರದಿಂದ ಜನ ಬಂದರು. ಹಿಮದಡಿಯ ಇಲಿಯ ಸದ್ದನ್ನು ಕಿವಿಯಿಂದಲೇ ಅಳೆದು ಎರಗುವ ಈ ಗೂಬೆ ನಿಜಕ್ಕೂ ನೋಡತಕ್ಕದ್ದು. ಆದರೆ ರೆಕ್ಕೆ ಬಿಚ್ಚಿ ತಮ್ಮತ್ತಲೇ ಹಾರಿಬರುವ ಚಿತ್ರ ಬೇಕೆಂದು ಅಂಗಡಿಯ ಬಿಳಿ ಇಲಿಗಳನ್ನು ಹಿಮದ ಮೇಲೆ ಬಿಡುವ ಚಾಳಿ ಫೋಟೋ ತೆಗೆಯುವ ಕೆಲವರಲ್ಲಿದೆ. ಕಾರುಗಳಿರುವ ರಸ್ತೆಯ ಬದಿಯಲ್ಲೇ ಬೇಟೆಯೆಂದು ಕಲಿತ ಗೂಬೆಗೆ ಮುಂದೆ ಅದೇ ರಸ್ತೆ ಮೃತ್ಯುವಾಗಬಹುದು. ಹಸಿದ ಪ್ರಾಣಿ ಹಿಮದಲ್ಲಿ ತಪ್ಪಿಸಿಕೊಳ್ಳಲಾರದೆಂಬ ಲೆಕ್ಕ ಹೋವೆಲ್‌ನದೂ ಆಗಿತ್ತಲ್ಲ. ಅಂಥ ಫೋಟೋಗಳನ್ನು ನಮ್ಮ ಬಳಗದ ಪ್ರದರ್ಶನಕ್ಕೆ ತೆಗೆದುಕೊಳ್ಳಬಾರದೆಂದು ನಮ್ಮ ಅಭಿಪ್ರಾಯ. ಇದನ್ನು ಒಪ್ಪದವರೂ ಬಳಗದಲ್ಲಿದ್ದಾರೆ, ಅವರು ಬರೆದು ತಿಳಿಸಲಿ.

ಹಂಸ ನೋಡಲು ಮಾಂಟಿಸೆಲೊಗೆ ಹೋಗುವವರು ಬೆಳಗ್ಗೆಯೇ ಹೋಗಿ. ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ. ಮನೆಗೆ ಬಂದೊಡನೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯಬೇಡಿ, ಲೆನ್ಸಿನ ಮೇಲೆ ನೀರು ಕೂರುತ್ತದೆ. ತಡಮಾಡಬೇಡಿ. ಸುತ್ತಲಿನ ಕೆರೆಗಳ ಐಸು ಒಡೆಯತೊಡಗಿದರೆ ಹಂಸಗಳು ಗೂಡಿನ ಜಾಗ ಹುಡುಕಿಕೊಂಡು ಚದುರಿಹೋಗುತ್ತವೆ, ಮತ್ತೆ ಒಟ್ಟಾಗುವುದು ಮುಂದಿನ ಚಳಿಗೇ.